ದೇವರ ಆವಿನಿಂದ ಪಶು ಆಸ್ಪತ್ರೆಯವರೆಗೆ: ಪ್ರಾಣಿಸೇವೆಯ ಮೂಲಕ ವೃತ್ತಿ ಪರಿಚಯ

(ಒಂಬತ್ತು ಮತ್ತು ಹತ್ತನೆಯ ತರಗತಿಗಳ ವೃತ್ತಿ ಮಾರ್ಗದರ್ಶನಕ್ಕೆ ಪೂರಕ ಪಾಠ)

"ದೊಡ್ಡವರಾದ ಮೇಲೆ ಏನಾಗುವಿರಿ?" ಎಂಬ ಪ್ರಶ್ನೆಗೆ ಒಂಬತ್ತನೆಯ ತರಗತಿಯಲ್ಲಿ ಬರುವ ಉತ್ತರಗಳಲ್ಲಿ ಪಶುವೈದ್ಯ ವೃತ್ತಿಯೂ ಒಂದು. ಮನೆಯಲ್ಲಿ ಹಸು, ಆಡು, ನಾಯಿ ಇರುವ ಮಕ್ಕಳು ಇದನ್ನು ಹೇಳುವುದುಂಟು. ಏನೂ ಇಲ್ಲದ ಮಕ್ಕಳು ಇನ್ನಷ್ಟು ಉತ್ಸಾಹದಿಂದ ಹೇಳುವುದುಂಟು. ಅದೇ ತರಗತಿಯಲ್ಲಿ "ಭೇದಿಯಾಗಿರುವ ಕರುವನ್ನು ತೊಳೆದು ಒರೆಸಿದವರು ಯಾರು?" ಎಂದು ಕೇಳಿದರೆ ಎತ್ತಿದ ಕೈಗಳಲ್ಲಿ ಹಲವು ಕೆಳಗಿಳಿಯುತ್ತವೆ. ಈ ಎರಡು ಪ್ರಶ್ನೆಗಳ ನಡುವಣ ಅಂತರವೇ ಪ್ರಸ್ತುತ ಪಾಠದ ವಿಷಯ. ಪ್ರಾಣಿಯ ಮೇಲಿನ ಪ್ರೀತಿ ಬೇರೆ, ಪ್ರಾಣಿಯೊಡನೆ ದಿನವಿಡೀ ದುಡಿಯುವ ಮನಸ್ಸು ಬೇರೆ. ಎರಡನೆಯದು ತನ್ನಲ್ಲಿದೆಯೇ ಎಂಬುದನ್ನು ಮಗು ಪುಸ್ತಕದಿಂದ ತಿಳಿಯಲಾರದು. ಕೆಲವು ವಾರಗಳ ಕಾಲ ಫಲಾಪೇಕ್ಷೆಯಿಲ್ಲದೆ ಸೇವೆ ಮಾಡಿ ತಿಳಿಯಬೇಕು. ಹತ್ತನೆಯ ತರಗತಿ ಮುಗಿಯುವುದರೊಳಗೆ ತಿಳಿಯಬೇಕೆಂಬುದು ಇಲ್ಲಿಯ ಮುಖ್ಯ ಮಾತು. ಅದಕ್ಕೆ ಕಾರಣವನ್ನು ಮುಂದೆ ವಿವರಿಸಲಾಗಿದೆ.

ಕಂಬಂ ಕಣಿವೆಯ ಹಿಂಡು

ಪಾಠದ ಪ್ರವೇಶಕ್ಕೆ ತಮಿಳುನಾಡಿನೊಳಗಿನದೇ ಆದ, ಕನ್ನಡದ ನಂಟುಳ್ಳ ಒಂದು ಉದಾಹರಣೆ ಇದೆ. ತೇನಿ ಜಿಲ್ಲೆಯ ಕಂಬಂ ಕಣಿವೆ ಪಶ್ಚಿಮ ಘಟ್ಟಗಳ ಮಡಿಲಲ್ಲಿರುವ ಹಸಿರು ಸೀಮೆ. 1895ರಲ್ಲಿ ಪೆರಿಯಾರ್ ಅಣೆಕಟ್ಟು ಪೂರ್ಣಗೊಂಡ ಮೇಲೆ ಅಲ್ಲಿ ಭತ್ತದ ಬೆಳೆ ನೆಲೆಯೂರಿತು. ಈಗ ದ್ರಾಕ್ಷಿ ತೋಟಗಳಿಗೂ ಕಣಿವೆ ಹೆಸರಾಗಿದೆ. ಹಳೆಯ ದಾಖಲೆಗಳಲ್ಲಿ ಕಪ್ಪಿಲಿಯರೆಂದು ಕರೆಯಲಾದ, ಕನ್ನಡ ಮನೆಮಾತಿನ ಒಕ್ಕಲು ಸಮುದಾಯ ಈ ಕಣಿವೆಯಲ್ಲಿ ತಲೆಮಾರುಗಳಿಂದ ನೆಲೆಸಿದೆ. ದಿಂಡಿಗಲ್ ಕಡೆಯ ಅನುಪ್ಪರ ಮನೆಮಾತೂ ಕನ್ನಡವೆಂದು ಅವೇ ದಾಖಲೆಗಳು ಹೇಳುತ್ತವೆ. ಈ ಎರಡು ಜಿಲ್ಲೆಗಳೂ ಆಗ ಮಧುರೆ ಜಿಲ್ಲೆಯ ಭಾಗವಾಗಿದ್ದವು. ದಿಂಡಿಗಲ್ 1985ರಲ್ಲಿ, ತೇನಿ 1996ರಲ್ಲಿ ಬೇರೆಯಾದವು.

ಡಬ್ಲ್ಯೂ. ಫ್ರಾನ್ಸಿಸ್ ಸಿದ್ಧಪಡಿಸಿದ 1906ರ ಮಧುರೆ ಜಿಲ್ಲಾ ಗೆಜೆಟಿಯರಿನಲ್ಲಿ ಕಂಬಂ ಊರಿನ ಒಂದು ಪವಿತ್ರ ಹಿಂಡಿನ ವರ್ಣನೆಯಿದೆ. ಕನ್ನಡ ನಾಡಿನಿಂದ ವಲಸೆ ಬರುವಾಗ ಕಪ್ಪಿಲಿಯರು ಈ ಹಿಂಡನ್ನು ತಮ್ಮೊಡನೆ ತಂದರೆಂಬುದು ಅಲ್ಲಿಯ ನಂಬಿಕೆ. ತಮಿಳಿನಲ್ಲಿ ಅದಕ್ಕೆ 'ತಂಬಿರಾನ್ ಮಾಡು' ಎಂದು ಹೆಸರು; ಕನ್ನಡದಲ್ಲಿ 'ದೇವರ ಆವು'. ಈ ಹಿಂಡಿನ ಹಸುಗಳ ಹಾಲು ಕರೆಯುವುದಿಲ್ಲ. ಸತ್ತ ಕರುವಿನ ಯಾವ ಭಾಗವನ್ನೂ ಬಳಸುವುದಿಲ್ಲ. ಹಿಂಡಿಗೊಂದು ರಾಜಹೋರಿ ಇರುತ್ತದೆ; ಅದು 'ಪಟ್ಟದ ಆವು'. ಅದು ತೀರಿಕೊಂಡಾಗ ಒಳ್ಳೆಯ ದಿನ ನೋಡಿ ಹಿಂಡನ್ನೆಲ್ಲ ಒಂದೆಡೆ ಸೇರಿಸಿ, ಕರ್ಪೂರ, ಬಾಳೆಹಣ್ಣು, ಎಲೆಯಡಿಕೆ ಅರ್ಪಿಸಿ, ಕಬ್ಬಿನ ಕಟ್ಟೊಂದನ್ನು ಮುಂದಿಡುತ್ತಾರೆ. ಯಾವ ಹೋರಿ ಮೊದಲು ಬಂದು ಆ ಕಬ್ಬನ್ನು ತಿನ್ನುವುದೋ ಅದಕ್ಕೇ ಪಟ್ಟ. ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಅಂದಿನಿಂದ ಅದನ್ನು ನಂದಗೋಪಾಲನೆಂದು ಪೂಜಿಸುತ್ತಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿಯೂ ಈ ವಿವರ ಬಂದಿದೆ. ಕಂಬಂನಲ್ಲಿ ನಂದಗೋಪಾಲನ ದೊಡ್ಡಿ ಇಂದಿಗೂ ಇದೆ. ಮಾಟ್ಟು ಪೊಂಗಲ್ ದಿನ ಸುತ್ತಣ ರೈತರು ಅಲ್ಲಿ ನೆರೆಯುತ್ತಾರೆ.

ಕಬ್ಬಿನ ಕಟ್ಟಿನ ಕಥೆಯನ್ನು ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಶಿಕ್ಷಕರು ಕಥೆಯನ್ನು ಅಲ್ಲಿಗೇ ನಿಲ್ಲಿಸದೆ ಮರುಪ್ರಶ್ನೆ ಹಾಕಬೇಕು: ಹಬ್ಬದ ದಿನ ಹಾರ ಹಾಕುವವರು ನೂರಾರು ಮಂದಿ, ಉಳಿದ 364 ದಿನ ಆ ಹಿಂಡಿಗೆ ಮೇವು ಹಾಕುವವರು ಯಾರು? ಮಳೆಗಾಲದಲ್ಲಿ ಕೆಸರಾದ ದೊಡ್ಡಿಯಿಂದ ಸಗಣಿ ಬಾಚುವವರು ಯಾರು? ಗೊರಸು ಕೊಳೆತ ಹಸುವನ್ನು ಮೊದಲು ಗುರುತಿಸುವವರು ಯಾರು? ಹಾಲನ್ನೇ ಕರೆಯದ ಹಿಂಡಿನಿಂದ ಸಾಕುವವರಿಗೆ ಬರುವ ಲಾಭವೇನು? ಸೇವೆ ಎಂಬ ಪದದ ಅರ್ಥ ಈ ಪ್ರಶ್ನೆಗಳ ಉತ್ತರದಲ್ಲಿದೆ. ಮಕ್ಕಳು ಅದನ್ನು ತಾವೇ ಹೇಳುವವರೆಗೆ ಶಿಕ್ಷಕರು ಕಾಯುವುದು ಲೇಸು.

ಇದೇ ಸಂದರ್ಭದಲ್ಲಿ ಭಾಷಾಪಾಠಕ್ಕೂ ಅವಕಾಶವಿದೆ. 'ಆವು' ಎಂಬುದು ಹಳಗನ್ನಡದ ಪದ. ಕರ್ನಾಟಕದ ಬಹುಪಾಲು ಊರುಗಳಲ್ಲಿ 'ಹಸು', 'ದನ', 'ಆಕಳು' ಎಂಬ ಮಾತುಗಳು ಅದರ ಸ್ಥಾನವನ್ನು ತೆಗೆದುಕೊಂಡಿವೆ. ನಾಡಿನಿಂದ ದೂರ ಸರಿದ ಜನರ ಹಿಂಡಿನ ಹೆಸರಿನಲ್ಲಿ ಅದು ಉಳಿದುಕೊಂಡಿತು. ತಮಿಳಿನ 'ಆ' ಇದಕ್ಕೆ ಸೋದರ ಪದ. ಮಕ್ಕಳು ದಿನವೂ ನೋಡುವ ಹಾಲಿನ ಪೊಟ್ಟಣದ ಮೇಲಿನ 'ಆವಿನ್' ಎಂಬ ಹೆಸರಿಗೆ 'ಹಸುವಿನ' ಎಂದೇ ಅರ್ಥ. ಕನ್ನಡದಲ್ಲಿ 'ಆವಿನ ಹಾಲು' ಎಂದರೂ ಅದೇ. ಇನ್ನೊಂದು ಪದ ನಗು ತರಿಸುವಂಥದು. ತಮಿಳುನಾಡಿನ ಪಶು ಆಸ್ಪತ್ರೆಯ ಫಲಕದಲ್ಲಿ 'ಕಾಲ್ನಡೈ ಮರುತ್ತುವಮನೈ' ಎಂದಿರುತ್ತದೆ. ತಮಿಳಿನಲ್ಲಿ 'ಕಾಲ್ನಡೈ' ಎಂದರೆ ಜಾನುವಾರು. ಕನ್ನಡದ ಮಗು ಅದನ್ನು 'ಕಾಲ್ನಡಿಗೆ'ಯ ಆಸ್ಪತ್ರೆ ಎಂದು ಓದಿಕೊಂಡರೆ ಆಶ್ಚರ್ಯವಿಲ್ಲ. 'ಮಾಡು' ತಮಿಳಿಗೆ ದನ, ಕನ್ನಡಕ್ಕೆ ಕೆಲಸ. ಇಂಥ ಪದಗಳನ್ನು ಮಕ್ಕಳಿಂದಲೇ ಪಟ್ಟಿ ಮಾಡಿಸಿದರೆ, ಮುಂದೆ ಆಸ್ಪತ್ರೆಯಲ್ಲಿ ತಮಿಳಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಳ್ಳುವ ಅಭ್ಯಾಸಕ್ಕೆ ಅದೇ ಬುನಾದಿಯಾಗುತ್ತದೆ.

ಮೇಯಿಸುವ ಬದುಕು ಮತ್ತು ಓದಿನ ದಾರಿ

ಹಿಂಡು ಕಾಯುವವರಲ್ಲಿ ಅಪಾರ ತಿಳಿವಳಿಕೆಯಿದೆ. ಆದರೆ ಆ ತಿಳಿವಳಿಕೆಯೊಂದನ್ನೇ ನಂಬಿ ಬದುಕುವುದು ದಿನೇ ದಿನೇ ಕಷ್ಟವಾಗುತ್ತಿದೆ ಎಂಬುದನ್ನೂ ಮಕ್ಕಳಿಗೆ ಮರೆಮಾಚಬಾರದು. ದಕ್ಷಿಣ ಜಿಲ್ಲೆಗಳ ಪುಲಿಕುಳಂ ತಳಿಯ ದನಗಳನ್ನು ಹಾಲಿಗಾಗಿ ಸಾಕುವುದು ಕಡಿಮೆ. ಹಿಂಡು ಊರೂರು ಅಲೆಯುತ್ತದೆ; ರಾತ್ರಿ ರೈತರ ಹೊಲದಲ್ಲಿ ತಂಗುತ್ತದೆ; ಆ ಸಗಣಿ ಗಂಜಲಗಳೇ ಹೊಲಕ್ಕೆ ಗೊಬ್ಬರ, ಕಾಯುವವನಿಗೆ ಕೂಲಿ. ಬೆಟ್ಟದ ದನಗಳಿಗೆ ಕಾಡೇ ಹುಲ್ಲುಗಾವಲು. 2021ರಲ್ಲಿ ಶ್ರೀವಿಲ್ಲಿಪುತ್ತೂರು–ಮೇಘಮಲೆ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. 2022ರ ಮಾರ್ಚ್ ತಿಂಗಳಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ರಾಜ್ಯದ ಕಾಡುಗಳಲ್ಲಿ ದನ ಮೇಯಿಸುವುದನ್ನು ನಿಷೇಧಿಸಿತು. ಅದೇ ತಿಂಗಳಲ್ಲಿ ಆದೇಶವನ್ನು ಮಾರ್ಪಡಿಸಿ, ನಿಷೇಧವನ್ನು ರಾಷ್ಟ್ರೀಯ ಉದ್ಯಾನ, ವನ್ಯಧಾಮ ಮತ್ತು ಹುಲಿ ಸಂರಕ್ಷಿತ ಪ್ರದೇಶಗಳಿಗೆ ಸೀಮಿತಗೊಳಿಸಿತು. ಕಾಡಿನ ಪ್ರಾಣಿಗೂ ಊರಿನ ದನಕ್ಕೂ ಒಂದೇ ಹುಲ್ಲು ಸಾಲದೆಂಬ ವಾದ ಒಂದು ಕಡೆ. ತಲೆಮಾರುಗಳ ಹುಲ್ಲುಗಾವಲು ಕಳೆದುಕೊಂಡವರ ಸಂಕಟ ಇನ್ನೊಂದು ಕಡೆ. ಹತ್ತನೆಯ ತರಗತಿಯ ಚರ್ಚಾಕೂಟಕ್ಕೆ ಇದಕ್ಕಿಂತ ಜೀವಂತ ವಿಷಯ ಸಿಗುವುದು ಅಪರೂಪ. ಈರೋಡು ಜಿಲ್ಲೆಯ ಬರಗೂರು ಬೆಟ್ಟಗಳಲ್ಲಿ, ಕಂದು ಮೈಮೇಲೆ ಬಿಳಿ ಮಚ್ಚೆಗಳ ಬರಗೂರು ತಳಿಯನ್ನು ಸಾಕಿ ಉಳಿಸಿಕೊಂಡು ಬಂದವರೂ ಕನ್ನಡ ಮಾತನಾಡುವ ಕುಟುಂಬಗಳೇ. ತಾಳವಾಡಿ, ಬರಗೂರು ಭಾಗದ ಶಿಕ್ಷಕರು ಕಂಬಂನ ಉದಾಹರಣೆಯ ಜೊತೆಗೆ ತಮ್ಮ ಬೆಟ್ಟದ ಉದಾಹರಣೆಯನ್ನೂ ಸೇರಿಸಿಕೊಳ್ಳಬಹುದು.

ಆದುದರಿಂದ ದನದ ಒಡನಾಟ ಬಯಸುವ ಮಗುವಿಗೆ ಓದಿನ ದಾರಿಯನ್ನೂ ತೋರಿಸಬೇಕಾಗುತ್ತದೆ. ತಮಿಳುನಾಡು ಪಶುವೈದ್ಯ ಮತ್ತು ಪಶುವಿಜ್ಞಾನ ವಿಶ್ವವಿದ್ಯಾಲಯವು 1989ರಲ್ಲಿ ಸ್ಥಾಪನೆಯಾಯಿತು. ಅದರ ಮೂಲಕಾಲೇಜಾದ ಮದ್ರಾಸ್ ಪಶುವೈದ್ಯ ಕಾಲೇಜು 1903ರಷ್ಟು ಹಳೆಯದು. 2020ರಲ್ಲಿ ತೇನಿ ಜಿಲ್ಲೆಯಲ್ಲಿಯೇ ಪಶುವೈದ್ಯ ಕಾಲೇಜೊಂದು ಆರಂಭವಾಗಿದೆ. ಹಿಂದೆ ಇದೇ ಓದಿಗಾಗಿ ಚೆನ್ನೈಗೋ ನಾಮಕ್ಕಲ್ಲಿಗೋ ಹೋಗಬೇಕಿದ್ದ ಕಣಿವೆಯ ಮಕ್ಕಳಿಗೆ ಅದು ಈಗ ಬಸ್ಸಿನ ದಾರಿ. ಪದವಿಯ ಅವಧಿ ಐದೂವರೆ ವರ್ಷ: ನಾಲ್ಕೂವರೆ ವರ್ಷ ತರಗತಿ, ಒಂದು ವರ್ಷ ಆಸ್ಪತ್ರೆ ಮತ್ತು ಕ್ಷೇತ್ರಗಳಲ್ಲಿ ತರಬೇತಿ. ಹೊಸೂರಿನ ಮತ್ತಿಗಿರಿಯಲ್ಲಿ ಇದೇ ವಿಶ್ವವಿದ್ಯಾಲಯದ ಕೋಳಿಸಾಕಣೆ ಕಾಲೇಜಿದೆ. ಕೃಷ್ಣಗಿರಿ ಜಿಲ್ಲೆಯ ಕನ್ನಡ ಶಾಲೆಗಳ ಮಕ್ಕಳಿಗೆ ಅದು ಮನೆಯ ಬಾಗಿಲಲ್ಲೇ ಇದ್ದಂತೆ.

ಪಶುವೈದ್ಯ ಪದವಿಗೆ ಸೇರಬೇಕಾದರೆ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳೊಡನೆ ಜೀವಶಾಸ್ತ್ರವನ್ನೋ, ಸಸ್ಯಶಾಸ್ತ್ರ ಪ್ರಾಣಿಶಾಸ್ತ್ರಗಳನ್ನೋ ಓದಿರಲೇಬೇಕು. ಹದಿನೈದನೆಯ ವಯಸ್ಸಿನಲ್ಲಿ ಗೆಳೆಯರು ಸೇರಿದರೆಂದು ಬೇರೆ ವಿಭಾಗ ಆರಿಸಿಕೊಂಡ ಮಗುವಿಗೆ ಈ ಬಾಗಿಲು ಅಲ್ಲಿಗೇ ಮುಚ್ಚುತ್ತದೆ. ತೀರ್ಮಾನ ಹತ್ತನೆಯ ತರಗತಿಯೊಳಗೆ ಆಗಬೇಕೆಂದು ಆರಂಭದಲ್ಲಿ ಹೇಳಿದ್ದು ಇದಕ್ಕಾಗಿ. ಸರ್ಕಾರಿ ಶಾಲೆಗಳಲ್ಲಿ ಆರನೆಯಿಂದ ಹನ್ನೆರಡನೆಯ ತರಗತಿಯವರೆಗೆ ಓದಿದವರಿಗೆ ವೃತ್ತಿಪರ ಪದವಿಗಳಲ್ಲಿ 7.5 ಶೇಕಡಾ ಸ್ಥಾನಗಳನ್ನು ಮೀಸಲಿಡುವ 2021ರ ರಾಜ್ಯ ಕಾಯ್ದೆ ಪಶುವೈದ್ಯ ಪದವಿಗೂ ಅನ್ವಯಿಸುತ್ತದೆ. ಅನುದಾನಿತ ಶಾಲೆಯ ಮಕ್ಕಳು ಈ ಸೌಲಭ್ಯಕ್ಕೆ ಒಳಪಡುವುದಿಲ್ಲ. ನಡುವೆ ಶಾಲೆ ಬದಲಿಸುವ ಪಾಲಕರಿಗೆ ಶಿಕ್ಷಕರು ಇದನ್ನು ಮುಂಚೆಯೇ ತಿಳಿಸುವುದು ಒಳ್ಳೆಯದು. ಪ್ರವೇಶ ನಿಯಮಗಳಿಗಾಗಿ ಆಯಾ ವರ್ಷದ ಪ್ರವೇಶ ಪುಸ್ತಿಕೆಯನ್ನು ನೋಡತಕ್ಕದ್ದು.

ಬ್ರಿಟನ್ನಿನ ಅನೇಕ ಪಶುವೈದ್ಯ ಕಾಲೇಜುಗಳು ಅರ್ಜಿ ಹಾಕುವವರನ್ನು "ಪ್ರಾಣಿಗಳೊಡನೆ ಎಲ್ಲಿ, ಎಷ್ಟು ದಿನ ಕೆಲಸ ಮಾಡಿದ್ದೀರಿ?" ಎಂದು ಕೇಳುತ್ತವೆ. ಅಲ್ಲಿಯ ಮಕ್ಕಳು ಶಾಲಾ ದಿನಗಳಲ್ಲಿಯೇ ಹಾಲಿನ ಡೈರಿಯಲ್ಲೋ ನಾಯಿಗಳ ಆಶ್ರಯಧಾಮದಲ್ಲೋ ಸ್ವಯಂಸೇವೆ ಮಾಡಿ ಆ ಪ್ರಶ್ನೆಗೆ ಉತ್ತರ ಸಿದ್ಧಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ಅಂಕ ಕೇಳುತ್ತಾರೆ. ಒಂದು ದಿನವಾದರೂ ಕೊಟ್ಟಿಗೆಯಲ್ಲಿ ನಿಂತಿದ್ದೀಯಾ ಎಂದು ಯಾರೂ ಕೇಳುವುದಿಲ್ಲ. ಬಡ ಮಗುವಿನ ದೃಷ್ಟಿಯಿಂದ ಅಂಕದ ಪದ್ಧತಿಯೇ ನ್ಯಾಯವಾದದ್ದು, ಅನುಮಾನವಿಲ್ಲ. ಆದರೆ ಪ್ರವೇಶ ಸಮಿತಿ ಕೇಳದ ಪ್ರಶ್ನೆಯನ್ನು ಶಾಲೆಯೂ ಕೇಳದೆ ಬಿಟ್ಟರೆ, ರಕ್ತ ಕಂಡರೆ ತಲೆಸುತ್ತುವ ಮಗು ಅದನ್ನು ಕಾಲೇಜು ಸೇರಿದ ಮೇಲೆ ತಿಳಿಯುತ್ತದೆ.

ಸೇವೆಯ ಏರ್ಪಾಡು

ದೂರದ ಆಶ್ರಯಧಾಮ ಹುಡುಕುವ ಅಗತ್ಯವಿಲ್ಲ. ಹತ್ತಿರದ ಸರ್ಕಾರಿ ಪಶು ಚಿಕಿತ್ಸಾಲಯ, ಹಾಲು ಉತ್ಪಾದಕರ ಸಹಕಾರ ಸಂಘ, ದೇವಸ್ಥಾನದ ಗೋಶಾಲೆ, ನಂಬಿಕಸ್ಥ ರೈತರ ಕೊಟ್ಟಿಗೆ ಇವುಗಳಲ್ಲಿ ಯಾವುದಾದರೂ ಸಾಕು. ಮುಖ್ಯೋಪಾಧ್ಯಾಯರ ಪತ್ರ, ಪಾಲಕರ ಲಿಖಿತ ಒಪ್ಪಿಗೆ, ವೈದ್ಯಾಧಿಕಾರಿಯ ಅನುಮತಿ ಈ ಮೂರೂ ಕೈಗೆ ಬಂದ ಮೇಲೆಯೇ ಮಕ್ಕಳನ್ನು ಕಳುಹಿಸತಕ್ಕದ್ದು. ಶನಿವಾರ ಬೆಳಿಗ್ಗೆ ಎರಡು ಗಂಟೆ, ಎಂಟು ವಾರ. ಒಂದು ಸಲಕ್ಕೆ ಇಬ್ಬರು ಅಥವಾ ಮೂವರು. ಒಂದೇ ದಿನ ಇಡೀ ತರಗತಿಯನ್ನು ಕರೆದೊಯ್ದರೆ ಅದು ಪ್ರವಾಸವಾಗುತ್ತದೆ, ದನಗಳಿಗೂ ಗಾಬರಿಯಾಗುತ್ತದೆ. 2022ರಿಂದ ನಡೆಯುತ್ತಿರುವ 'ನಾನ್ ಮುದಲ್ವನ್' ಯೋಜನೆಯ ವೃತ್ತಿ ಮಾರ್ಗದರ್ಶನದ ಅವಧಿಗಳಲ್ಲಿ ಈ ಅನುಭವಗಳನ್ನು ತರಗತಿಯ ಮುಂದೆ ಹೇಳಿಸಬಹುದು.

ಪಾಠಕ್ಕಾಗಿ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಒಂಬತ್ತನೆಯ ತರಗತಿ, ಮನೆಮಾತು ಕನ್ನಡ, ಮನೆಯಲ್ಲಿ ಎರಡು ಹಸು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಬಂದ ಅವಳ ತಾತನಿಗೆ ಸಮಾಧಾನವಿಲ್ಲ.

"ಹೆಣ್ಣುಮಗು ದನದ ಆಸ್ಪತ್ರೆಯಲ್ಲಿ ಏನು ಮಾಡುತ್ತಾಳೆ ಟೀಚರ್? ಮನೆಯಲ್ಲಿ ಸಗಣಿ ಬಾಚುವುದು ಸಾಲದೆ?"

"ಮನೆಯ ಹಸು ಅವಳ ಮಾತು ಕೇಳುತ್ತದೆ ತಾತಾ. ಊರವರ ಹಸು ಕೇಳುತ್ತದೆಯೋ ಇಲ್ಲವೋ ನೋಡಿಕೊಂಡು ಬರಲಿ. ಎಂಟು ವಾರ ಆದ ಮೇಲೆ ಬೇಡ ಅಂದರೆ ನಾವೂ ಬೇಡ ಅನ್ನುತ್ತೇವೆ."

ತಾತನ ಆಕ್ಷೇಪವನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕಬಾರದು. ಪಶು ಆಸ್ಪತ್ರೆಯಲ್ಲಿ ಕೃತಕ ಗರ್ಭಧಾರಣೆ, ಹೆರಿಗೆ, ಬೀಜ ಒಡೆಯುವುದು ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ಇದನ್ನು ಪಾಲಕರಿಗೆ ಮುಂಚಿತವಾಗಿ ನೇರವಾಗಿ ತಿಳಿಸಿರಬೇಕು. ಆಮೇಲೆ ಗೊತ್ತಾದರೆ ಶಾಲೆಯ ಮೇಲಿನ ನಂಬಿಕೆ ಹೋಗುತ್ತದೆ.

ಮೊದಲ ಶನಿವಾರ ಅವಳು ವೈದ್ಯರನ್ನು ಕೇಳುತ್ತಾಳೆ: "ನಾನೇನು ಮಾಡಲಿ ಡಾಕ್ಟರಮ್ಮಾ?" "ಮೊದಲು ಅಲ್ಲಿ ನಿಂತು ನೋಡಮ್ಮ. ಆ ಹಸು ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡಿತು, ಎಣಿಸಿ ಹೇಳು." ಎರಡು ಗಂಟೆಯಲ್ಲಿ ಅವಳು ಎಣಿಸಿದ್ದು ಇಷ್ಟೇ. ನಿಂತು ನೋಡುವುದೇ ಈ ವೃತ್ತಿಯ ಮೊದಲ ಕೆಲಸವೆಂಬುದು ಅನೇಕರಿಗೆ ಬೇಸರ ತರುತ್ತದೆ. ಎರಡನೆಯ ವಾರ ಲಸಿಕಾ ಶಿಬಿರ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಕಾಲುಬಾಯಿ ರೋಗಕ್ಕೆ, ತಮಿಳಿನ ಕೋಮಾರಿಗೆ, ದನಗಳಿಗೆ ಲಸಿಕೆ ಹಾಕುತ್ತಾರೆ. ಪ್ರತಿ ದನದ ಕಿವಿಯೋಲೆಯಲ್ಲಿ 12 ಅಂಕಿಗಳ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಓದಿ ದಾಖಲೆ ಪುಸ್ತಕದಲ್ಲಿ ತಪ್ಪಿಲ್ಲದೆ ಬರೆಯುವುದು ಹದಿನಾಲ್ಕು ವರ್ಷದ ಮಗು ಮಾಡಬಹುದಾದ, ಅಪಾಯವಿಲ್ಲದ, ನಿಜಕ್ಕೂ ಉಪಯೋಗಕ್ಕೆ ಬರುವ ಕೆಲಸ. ಒಂದು ಅಂಕಿ ತಪ್ಪಿದರೆ ಒಬ್ಬರ ಹಸುವಿನ ಲಸಿಕೆ ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತದೆ ಎಂದು ತಿಳಿದಾಗ ಮಗು ತಾನಾಗಿಯೇ ಎಚ್ಚರಗೊಳ್ಳುತ್ತದೆ.

ನಾಲ್ಕನೆಯ ವಾರ ಹೊಟ್ಟೆಯುಬ್ಬರದ ಹಸುವೊಂದನ್ನು ತಡವಾಗಿ ಕರೆತರುತ್ತಾರೆ. ಅದು ಉಳಿಯುವುದಿಲ್ಲ. ಹಸುವಿನೊಡತಿ ಸಾಲದ ಕಂತನ್ನು ನೆನೆದು ನೆಲದ ಮೇಲೆ ಕುಳಿತು ಅಳುತ್ತಾರೆ. ವೈದ್ಯರು ಕೈ ತೊಳೆದುಕೊಂಡು ಮುಂದಿನ ಆಡನ್ನು ನೋಡುತ್ತಾರೆ. ಅಂದು ಹುಡುಗಿ ಊಟ ಮಾಡುವುದಿಲ್ಲ. ವೈದ್ಯರಿಗೆ ಕನಿಕರವೇ ಇಲ್ಲವೆಂದು ಟಿಪ್ಪಣಿ ಪುಸ್ತಕದಲ್ಲಿ ಬರೆಯುತ್ತಾಳೆ. ಶಿಕ್ಷಕರು ಇದನ್ನು ತಿದ್ದಲು ಆತುರಪಡಬಾರದು. "ಆ ಆಡು ಏನಾಯಿತು?" ಎಂದಷ್ಟೇ ಕೇಳಬೇಕು. ಅವಳು ಐದನೆಯ ವಾರ ಹೋಗುತ್ತಾಳೋ ಇಲ್ಲವೋ ಎಂಬುದು ವೃತ್ತಿ ಮಾರ್ಗದರ್ಶನದ ಯಾವ ಪ್ರಶ್ನಾವಳಿಗಿಂತಲೂ ಹೆಚ್ಚನ್ನು ತಿಳಿಸುತ್ತದೆ.

ಟಿಪ್ಪಣಿ ಪುಸ್ತಕದಲ್ಲಿ ಪ್ರತಿವಾರ ಒಂದು ಎಣಿಕೆ, ಒಂದು ಹೊಸ ಪದ, ಮನಸ್ಸಿಗೆ ಒಗ್ಗದ ಒಂದು ಸಂಗತಿ ಇರಲಿ. ಎಣಿಕೆಗೆ ಮೆಲುಕು ಬಲು ಸೊಗಸಾದ ವಿಷಯ: ಹಸು ಬಾಯಿಗೆ ತಂದುಕೊಂಡ ಒಂದೊಂದು ತುತ್ತನ್ನು ನುಂಗುವ ಮುನ್ನ ಎಷ್ಟು ಸಲ ಅಗಿಯುತ್ತದೆ? ಆರೋಗ್ಯವಂತ ಹಸುವಿನಲ್ಲಿ ಸಾಮಾನ್ಯವಾಗಿ 40ರಿಂದ 60 ಸಲ. ಮೆಲುಕು ನಿಂತರೆ ಏನೋ ಕೆಟ್ಟಿದೆ ಎಂಬುದು ಹಳ್ಳಿಯ ಅಜ್ಜಿಗೂ ಗೊತ್ತು, ವೈದ್ಯರಿಗೂ ಗೊತ್ತು. ಪದಗಳನ್ನು ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಕನ್ನಡ ಲಿಪಿಯಲ್ಲಿ ಬರೆಸಬೇಕು. ಕೆಚ್ಚಲು ಬಾವು, ಕಡಸು, ಗೊರಸು, ಗಂಜಲ ಮುಂತಾದ ಮನೆಯ ಮಾತುಗಳು ಪಠ್ಯದಲ್ಲಿ ಬಾರದೆ ಮರೆಯಾಗುತ್ತಿವೆ. ಅವನ್ನು ತರಗತಿಗೆ ತರುವ ಅವಕಾಶವೂ ಇದೇ.

ಶಿಕ್ಷಕರು ಎಚ್ಚರ ವಹಿಸಬೇಕಾದ ಕಡೆ

ಸೇವೆಯ ಹೆಸರಿನಲ್ಲಿ ಕೂಲಿ ಮಾಡಿಸುವವರು ಇದ್ದಾರೆ. ಡೈರಿಯ ಆಳು ರಜೆ ಹಾಕಿದ ದಿನವೇ ಮಕ್ಕಳನ್ನು ಕಳುಹಿಸಿರೆಂದು ಕೇಳಿಬಂದರೆ ಅದು ಸೇವೆಯಲ್ಲ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯಂತೆ 14 ವರ್ಷ ತುಂಬದ ಮಕ್ಕಳನ್ನು ದುಡಿಮೆಗೆ ಹಚ್ಚುವಂತಿಲ್ಲ. 14ರಿಂದ 18ರವರೆಗಿನವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ. ಮಗು ಪ್ರತಿದಿನ ಒಂದೇ ಕೆಲಸ ಮಾಡುತ್ತಿದ್ದರೆ, ಅದರಿಂದ ಏನನ್ನೂ ಕಲಿಯದಿದ್ದರೆ, ಅಲ್ಲಿಂದ ಹಿಂದಕ್ಕೆ ಕರೆಸಬೇಕು.

ಇನ್ನೊಂದು ಸಂಗತಿ ಮುಜುಗರದ್ದಾದರೂ ಹೇಳಲೇಬೇಕು. ಸಗಣಿ ಬಾಚುವ, ಸತ್ತ ಪ್ರಾಣಿ ಎಳೆಯುವ ಕೆಲಸಗಳು ನಮ್ಮ ಊರುಗಳಲ್ಲಿ ಜಾತಿಗೆ ಅಂಟಿಕೊಂಡು ಬಂದಿವೆ. ಮೂವರು ಮಕ್ಕಳನ್ನು ಕಳುಹಿಸಿದಾಗ ಪೊರಕೆ ಯಾರ ಕೈಗೆ, ದಾಖಲೆ ಪುಸ್ತಕ ಯಾರ ಕೈಗೆ ಬಂತು ಎಂಬುದನ್ನು ಶಿಕ್ಷಕರು ಕಣ್ಣಾರೆ ನೋಡಬೇಕು. ಸರದಿಯ ಪಟ್ಟಿಯನ್ನು ಶಾಲೆಯೇ ಬರೆದು ಕಳುಹಿಸಬೇಕು: ಈ ವಾರ ಗುಡಿಸಿದವರು ಮುಂದಿನ ವಾರ ಬರೆಯುವರು. ಸತ್ತ ಪ್ರಾಣಿಯ ಹತ್ತಿರ ಯಾವ ಮಗುವೂ ಹೋಗಕೂಡದು. ನೆರಡಿ ರೋಗದಿಂದ ಸತ್ತ ದನ ಮುಟ್ಟಿದವರಿಗೂ ಅಪಾಯ.

ಮುಟ್ಟುವ ವಿಷಯದಲ್ಲಿ ನಿಯಮ ಸರಳ. ದನದ ಬಳಿಗೆ ಅದಕ್ಕೆ ಕಾಣುವಂತೆ, ಮೆಲ್ಲಗೆ ಮಾತನಾಡುತ್ತ, ಭುಜದ ಕಡೆಯಿಂದ ಹೋಗಬೇಕು. ಹಸು ಪಕ್ಕಕ್ಕೂ ಒದೆಯಬಲ್ಲದು, ಆದ್ದರಿಂದ ಹಿಂಗಾಲಿನ ಬದಿ ನಿಲ್ಲಬಾರದು. ಸೂಜಿ, ಔಷಧ, ಹೆರಿಗೆಯ ಹೊಲಸು, ಗರ್ಭಪಾತವಾದ ಕರು ಇವುಗಳನ್ನು ಮುಟ್ಟಬಾರದು. ಕಂದು ರೋಗ ಹೀಗೆಯೇ ಮನುಷ್ಯರಿಗೆ ಹರಡುತ್ತದೆ. ಕಾಲಿಗೆ ಮುಚ್ಚಿದ ಚಪ್ಪಲಿ ಇರಬೇಕು, ಮುಗಿಸಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಬೀದಿನಾಯಿಗಳ ಆಶ್ರಯಧಾಮಕ್ಕೆ ಮಕ್ಕಳನ್ನು ಕಳುಹಿಸುವುದಾದರೆ ಮುಂಚಿತವಾಗಿ ರೇಬೀಸ್ ಲಸಿಕೆಯ ಬಗ್ಗೆ ವೈದ್ಯರ ಸಲಹೆ ಪಡೆಯತಕ್ಕದ್ದು. ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಬೈದಾರೆಂಬ ಹೆದರಿಕೆಯಿಂದ ಮಕ್ಕಳು ಕಚ್ಚಿದ್ದನ್ನು ಮುಚ್ಚಿಡುತ್ತಾರೆ. ಮುಚ್ಚಿಡುವುದೇ ಜೀವಕ್ಕೆ ಎರವಾಗಬಹುದು. ಈ ಮಾತನ್ನು ಮೊದಲ ದಿನವೇ ಹೇಳಬೇಕು. ಗಾಯಗೊಂಡ ದನ ಕಂಡರೆ 1962ಕ್ಕೆ ಕರೆಮಾಡಿದರೆ ಪಶು ಆಂಬ್ಯುಲೆನ್ಸ್ ಸೇವೆ ದೊರೆಯುತ್ತದೆ ಎಂಬುದನ್ನು ಕಲಿಸುವುದೂ ಸೇವೆಯ ಭಾಗವೇ.

ಕಾಡುಪ್ರಾಣಿಗಳ ವಿಷಯ ಪೂರ್ತಿ ಬೇರೆ. 2023ರ ಮೇ 27ರಂದು ಅರಿಕೊಂಬನ್ ಎಂಬ ಕಾಡಾನೆ ಕಂಬಂ ಪಟ್ಟಣದೊಳಕ್ಕೇ ಬಂತು. ಪಟ್ಟಣದಲ್ಲಿ ನಿಷೇಧಾಜ್ಞೆ ಜಾರಿಯಾಯಿತು. ಆನೆಯಿಂದ ಗಾಯಗೊಂಡ ಒಬ್ಬರು ತೀರಿಕೊಂಡರು. ಜೂನ್ 5ರಂದು ಅರಣ್ಯ ಇಲಾಖೆ ಅದನ್ನು ಅರಿವಳಿಕೆ ಮದ್ದು ಕೊಟ್ಟು ಹಿಡಿದು ಕಳಕ್ಕಾಡ್–ಮುಂಡಂತುರೈ ಕಾಡಿಗೆ ಸಾಗಿಸಿತು. ಆ ದಿನಗಳಲ್ಲಿ ಆನೆಯನ್ನು ನೋಡಲು ಓಡಿದವರಿಗೂ ಅದನ್ನು ಹಿಡಿದವರಿಗೂ ಆನೆಯ ಮೇಲೆ ಆಸಕ್ತಿ ಇದ್ದೇ ಇತ್ತು. ತರಬೇತಿ ಇದ್ದದ್ದು ಹಿಡಿದವರಿಗೆ ಮಾತ್ರ. ಶಾಲಾ ಮಕ್ಕಳಿಗೆ ಕಾಡಿನ ಸೇವೆ ಎಂದರೆ ಅರಣ್ಯ ಇಲಾಖೆಯವರ ಜೊತೆಯಲ್ಲಿ ನಡೆಯುವ ಪ್ಲಾಸ್ಟಿಕ್ ಆಯುವ ಕೆಲಸ, ಹಕ್ಕಿ ಎಣಿಕೆ, ಜಾಗೃತಿ ಫಲಕ ಬರೆಯುವುದು ಇಷ್ಟಕ್ಕೇ ಸೀಮಿತವಾಗಿರಬೇಕು. ಬಿದ್ದ ಗಿಳಿಮರಿಯನ್ನು ಮನೆಗೆ ತಂದು ಸಾಕುವುದು ಕೂಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ.

ಆ ಮಿತಿಯೊಳಗೂ ಕಲಿಯಲು ಬೇಕಾದಷ್ಟಿದೆ. ದಿಂಡಿಗಲ್ ಮತ್ತು ಕರೂರು ಜಿಲ್ಲೆಗಳ ಒಣಕಾಡುಗಳಲ್ಲಿ ಕಾಡುಪಾಪ ಎಂಬ, ದೊಡ್ಡ ಕಣ್ಣುಗಳ, ರಾತ್ರಿ ಸಂಚರಿಸುವ ಪುಟ್ಟ ಪ್ರಾಣಿಯಿದೆ. ತಮಿಳಿನಲ್ಲಿ ಅದು ತೇವಾಂಗು. ಮಾಟಮಂತ್ರದ ಮೂಢನಂಬಿಕೆಗೂ ನಾಟಿ ಮದ್ದಿಗೂ ಬಲಿಯಾಗುತ್ತಿದ್ದ ಈ ಜೀವಿಗಾಗಿ 2022ರ ಅಕ್ಟೋಬರಿನಲ್ಲಿ 11,806 ಹೆಕ್ಟೇರ್ ಪ್ರದೇಶವನ್ನು ಕಡವೂರು ಕಾಡುಪಾಪ ಅಭಯಾರಣ್ಯವೆಂದು ಘೋಷಿಸಲಾಯಿತು. ದೇಶದಲ್ಲಿ ಈ ಪ್ರಾಣಿಗೆ ಮೀಸಲಾದ ಮೊದಲ ಅಭಯಾರಣ್ಯ ಇದು. ಅದನ್ನು ಉಳಿಸಲು ಮದ್ದು ಸೂಜಿಗಿಂತ ಊರವರೊಡನೆ ಮಾತನಾಡುವ ಸಾಮರ್ಥ್ಯ ಹೆಚ್ಚು ಬೇಕು. ಪ್ರಾಣಿಯನ್ನು ಮುಟ್ಟಲು ಅಂಜುವ, ಆದರೆ ಜನರ ಮನಸ್ಸು ಒಲಿಸಬಲ್ಲ ಮಗುವಿಗೆ ಈ ದಾರಿ ಹೊಂದಬಹುದು. ಹುಲಿ ಅಧ್ಯಯನಕ್ಕೆ ಹೆಸರಾದ ಡಾ. ಉಲ್ಲಾಸ ಕಾರಂತರು ಮೊದಲು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ವನ್ಯಜೀವಿ ವಿಜ್ಞಾನದ ಪದವಿ ಪಡೆದದ್ದು 1988ರಲ್ಲಿ, ಫ್ಲಾರಿಡಾದಲ್ಲಿ. ತಡವಾಗಿಯೂ ದಾರಿ ಬದಲಿಸಬಹುದೆಂಬುದಕ್ಕೆ ಅವರು ಉದಾಹರಣೆ. ಎಲ್ಲ ಮನೆಗಳಿಗೂ ಅಷ್ಟು ವರ್ಷ ಕಾಯುವ ಅನುಕೂಲವಿರುವುದಿಲ್ಲ ಎಂಬುದೂ ಶಿಕ್ಷಕರಿಗೆ ತಿಳಿದದ್ದೇ.

ಎಂಟು ವಾರಗಳ ನಂತರ

ಕೊನೆಯ ವಾರ ಪ್ರತಿ ಮಗುವಿನೊಡನೆ ಬೇರೆ ಬೇರೆಯಾಗಿ ಹತ್ತು ನಿಮಿಷ ಮಾತನಾಡಬೇಕು. "ಇಷ್ಟವಾಯಿತೇ?" ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. "ಯಾವ ವಾರ ಹೋಗಲು ಮನಸ್ಸಿರಲಿಲ್ಲ? ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದೇ ತಿಳಿಯಲಿಲ್ಲ?" ಎಂದು ಕೇಳಬೇಕು. ಕಿವಿಯೋಲೆಯ ಸಂಖ್ಯೆ ಬರೆಯುವುದರಲ್ಲಿ ಮೈಮರೆತ ಹುಡುಗನಿಗೆ ಸಹಕಾರ ಸಂಘದ ಲೆಕ್ಕಪತ್ರವೋ ಅಂಕಿಸಂಖ್ಯಾಶಾಸ್ತ್ರವೋ ಒಲಿಯಬಹುದು. ಹಾಲಿನ ಕೊಬ್ಬಿನಂಶ ಅಳೆಯುವುದನ್ನೇ ಮತ್ತೆ ಮತ್ತೆ ನೋಡಿ ಬಂದವಳಿಗೆ ಡೈರಿ ತಂತ್ರಜ್ಞಾನ ಹಿಡಿಸಬಹುದು. ಮೂರನೆಯ ವಾರಕ್ಕೇ ಬಿಟ್ಟು ಬಂದ ಮಗು ಸೋತಿತೆಂದು ದಾಖಲೆಯಲ್ಲಿ ಬರೆಯಬಾರದು. ಐದೂವರೆ ವರ್ಷ ಮತ್ತು ಮನೆಯವರ ಹಣ ಉಳಿಸಿಕೊಂಡ ಮಗು ಅದು.

ಕಲ್ಪಿತ ವಿದ್ಯಾರ್ಥಿನಿ ಐದನೆಯ ವಾರ ಹೋದಳೆಂದೇ ಇಟ್ಟುಕೊಳ್ಳೋಣ. ಎಂಟನೆಯ ವಾರದ ಟಿಪ್ಪಣಿಯಲ್ಲಿ ಅವಳು ಹೊಟ್ಟೆಯುಬ್ಬರ ಬಂದಾಗ ಮೊದಲ ಗಂಟೆಯಲ್ಲಿ ಕಾಣುವ ಗುರುತುಗಳನ್ನು ಬರೆದಿದ್ದಾಳೆ. ಎಡಗಡೆಯ ಪಕ್ಕೆ ಉಬ್ಬುವುದು, ಮೆಲುಕು ನಿಲ್ಲುವುದು, ಕಾಲಿನಿಂದ ಹೊಟ್ಟೆಗೆ ಒದ್ದುಕೊಳ್ಳುವುದು. ಅದನ್ನು ಮನೆಯಲ್ಲಿ ತಾತನಿಗೆ ಓದಿ ಹೇಳಿದಾಗ ಅವರು ಇನ್ನೆರಡು ಗುರುತುಗಳನ್ನು ಸೇರಿಸಿದರೆಂದೂ ಬರೆದಿದ್ದಾಳೆ. ಈ ಪುಸ್ತಕವನ್ನು ಶಾಲೆಯಲ್ಲಿ ಕಾಪಾಡಿಟ್ಟು, ಮರುವರ್ಷ ಹತ್ತನೆಯ ತರಗತಿಯ ಫಲಿತಾಂಶ ಬಂದು ಹನ್ನೊಂದನೆಯ ತರಗತಿಯ ವಿಭಾಗ ಆರಿಸುವ ದಿನ, ಅರ್ಜಿಯ ಪಕ್ಕದಲ್ಲಿ ಮಗುವಿನ ಮುಂದೆಯೂ ಪಾಲಕರ ಮುಂದೆಯೂ ತೆರೆದಿಡತಕ್ಕದ್ದು.